ಕಂಪ್ಯೂಟರ್ ದಾವಣಗೆರೆಯಲ್ಲಿ, ನೀವು ಬೆಂಗಳೂರಿನಲ್ಲಿ: ಕೆಲಸ ನಡೆಯುತ್ತದೆ, ಆದರೆ ಆ ಪೋರ್ಟ್ ಇವತ್ತೇ ಮುಚ್ಚಿಸಿ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್. ಚಿಕ್ಕ ಆಫೀಸು, ನಾನು ಮತ್ತು ಒಬ್ಬ ಸಹಾಯಕಿ. ಮುಂದಿನ ತಿಂಗಳು ಮಗಳ ಹೆರಿಗೆ. ಬಾಣಂತನಕ್ಕೆ ಮೂರು ತಿಂಗಳು ಬೆಂಗಳೂರಿನಲ್ಲಿ ಇರಬೇಕು. ಆದರೆ ಜಿಎಸ್‌ಟಿ ರಿಟರ್ನ್‌ನ ಕೊನೆ ದಿನಗಳಾದ 11 ಮತ್ತು 20ನೇ ತಾರೀಕು ಯಾರಿಗೂ ಕಾಯುವುದಿಲ್ಲವಲ್ಲ. ಲೆಕ್ಕ ಬರೆಯುವ ಟ್ಯಾಲಿ, ಕ್ಲೈಂಟ್‌ಗಳ ಫೈಲು ಎಲ್ಲಾ ಆಫೀಸಿನ ಕಂಪ್ಯೂಟರ್‌ನಲ್ಲೇ ಇವೆ. ನಮಗೆ ಸರ್ವೀಸ್ ಮಾಡುವ ಹುಡುಗ ಸ್ಟ್ಯಾಟಿಕ್ ಐಪಿ ಕೊಡಿಸಿ, ರೂಟರ್‌ನಲ್ಲಿ ಏನೋ ಸೆಟ್ಟಿಂಗ್ ಮಾಡಿಕೊಟ್ಟಿದ್ದಾನೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಆ ನಂಬರ್ ಹಾಕಿದರೆ ಆಫೀಸಿನ ಸ್ಕ್ರೀನ್ ಬರುತ್ತದೆ. ಇದನ್ನು ನೋಡಿ ಅಳಿಯ "ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಇದು, ಮೊದಲು ನಿಲ್ಲಿಸಿ" ಅಂದರು. ಹುಡುಗ "ಪಾಸ್‌ವರ್ಡ್ ಇದೆ, ಆಂಟಿವೈರಸ್ ಇದೆ, ಪೋರ್ಟ್ ಬೇರೆ ಬದಲಾಯಿಸಿದ್ದೀನಿ, ಏನೂ ಆಗಲ್ಲ ಮೇಡಂ" ಅನ್ನುತ್ತಾನೆ. ದೂರದಿಂದ ಕಂಪ್ಯೂಟರ್ ಬಳಸಲು ಬಿಡುವ ಎನಿಡೆಸ್ಕ್ ಆ್ಯಪ್ ಹಾಕಿದರೆ ಬ್ಯಾಂಕ್ ಖಾತೆ ಖಾಲಿ ಅಂತ ಗೆಳತಿ ಹೆದರಿಸುತ್ತಾಳೆ. ವಿಪಿಎನ್ ಕಾನೂನಿಗೆ ವಿರುದ್ಧ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ? ಕರೆಂಟ್ ಹೋದರೆ ಏನು ಮಾಡಲಿ? ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಕಥೆ ಏನು?

ಉತ್ತರ: ದೂರದಿಂದ ಆಫೀಸಿನ ಕಂಪ್ಯೂಟರ್ ಬಳಸುವುದರಲ್ಲಿ ತಪ್ಪೇನೂ ಇಲ್ಲ. ಮಗಳ ಜೊತೆ ಇದ್ದುಕೊಂಡೇ ಎಲ್ಲಾ ರಿಟರ್ನ್ ಸಮಯಕ್ಕೆ ಸರಿಯಾಗಿ ಹಾಕಬಹುದು. ಆದರೆ ಈಗ ಮಾಡಿಕೊಟ್ಟಿರುವ ದಾರಿ ಬೇಡ. ನಿಮ್ಮ ಅಳಿಯ ಹೇಳಿದ್ದು ಸರಿ. ಮುಂದಕ್ಕೆ ಓದುವ ಮೊದಲೇ ಆ ಹುಡುಗನಿಗೆ ಒಂದು ಫೋನ್ ಮಾಡಿ, ರೂಟರ್‌ನಲ್ಲಿರುವ ಪೋರ್ಟ್ ಫಾರ್ವರ್ಡಿಂಗ್ ತೆಗೆಸಿ. ಐದು ನಿಮಿಷದ ಕೆಲಸ.

ಹುಡುಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಹದಿನೈದು ವರ್ಷದ ಹಿಂದೆ ನಾವೆಲ್ಲ ಹೀಗೇ ಮಾಡಿಕೊಡುತ್ತಿದ್ದೆವು. ಆಗ ಅದೇ ರೂಢಿ. ಈಗ ಕಾಲ ಬದಲಾಗಿದೆ, ಅಷ್ಟೆ.

ಅವನು ಮಾಡಿದ್ದೇನು ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಹಳೆಯ ಕಾಲದ ವಠಾರ ನೆನಪಿದೆಯಲ್ಲ? ಒಳಗೆ ಹತ್ತು ಮನೆ, ಹೊರಗೆ ಒಂದೇ ಗೇಟು, ಒಂದೇ ವಿಳಾಸ. ನಿಮ್ಮ ರೂಟರ್ ಅಂಥ ಗೇಟಿನ ಕಾವಲುಗಾರ. ಒಳಗಿನವರು ಹೊರಗೆ ಹೋಗಿ ಏನಾದರೂ ಕೇಳಿದರೆ ಅದರ ಉತ್ತರವನ್ನು ಒಳಗೆ ಬಿಡುತ್ತಾನೆ. ತಾನಾಗಿ ಬಂದು ನಿಂತ ಅಪರಿಚಿತರನ್ನು ಬಿಡುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಅವನಿಗೆ "ಈ ನಂಬರ್ ಹೇಳಿಕೊಂಡು ಯಾರೇ ಬಂದರೂ ಕೇಳಬೇಡ, ನೇರವಾಗಿ ಮೇಡಂ ಕಂಪ್ಯೂಟರ್‌ಗೆ ಕಳಿಸು" ಅಂತ ಹೇಳಿಟ್ಟ ಹಾಗೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗೆ ಆ ನಂಬರ್ ಸಾಮಾನ್ಯವಾಗಿ 3389.

ಸ್ಟ್ಯಾಟಿಕ್ ಐಪಿ ಯಾಕೆ ಬೇಕಾಯಿತು ಅಂದರೆ, ನಮ್ಮ ದೇಶದಲ್ಲಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಂಥ ಕಡೆ ಹೊರಗಿನಿಂದ ನೇರವಾಗಿ ನಿಮ್ಮ ರೂಟರ್ ಮುಟ್ಟಲು ಆಗುವುದಿಲ್ಲ. ಹಾಗಾಗಿ ಜಾಸ್ತಿ ದುಡ್ಡು ಕೊಟ್ಟು ನಿಮಗೇ ಒಂದು ಖಾಯಂ ವಿಳಾಸ ತೆಗೆದುಕೊಂಡಿದ್ದೀರಿ. ನಿಮಗೆ ದಾರಿ ಸಿಕ್ಕಿತು. ಜೊತೆಗೆ ಇಡೀ ಲೋಕಕ್ಕೂ ಸಿಕ್ಕಿತು.

ಇನ್ನು ಹುಡುಗನ ಮಾತುಗಳು. ಪೋರ್ಟ್ ಬದಲಾಯಿಸಿದ್ದೀನಿ ಅನ್ನುವುದನ್ನು ಮೊದಲು ನೋಡೋಣ. ಇಂಟರ್ನೆಟ್‌ನ ಹಳೆಯ ಬಗೆಯ ವಿಳಾಸಗಳು, ಅಂದರೆ ಐಪಿವಿ4, ಒಟ್ಟು ಸುಮಾರು 430 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಝೀಮ್ಯಾಪ್ ಎಂಬ ತಂತ್ರಾಂಶ ತಯಾರಿಸಿದರು. ಒಂದು ಕಂಪ್ಯೂಟರ್, ಒಂದು ಗಿಗಾಬಿಟ್ ಇಂಟರ್ನೆಟ್ ಇದ್ದರೆ ಸಾಕು, ಇಷ್ಟೂ ವಿಳಾಸಗಳ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ಬರಬಹುದು ಅಂತ ತೋರಿಸಿದರು. ಶೋಡಾನ್ ಎಂಬ ಹುಡುಕುತಾಣ 2009ರಿಂದಲೇ ಹೀಗೆ ತೆರೆದಿರುವ ಬಾಗಿಲುಗಳ ಪಟ್ಟಿ ಇಟ್ಟುಕೊಂಡಿದೆ. 3389ರ ಬದಲು 4500 ಇಟ್ಟರೂ, ಬಾಗಿಲು ತಟ್ಟಿದ ತಕ್ಷಣ ಒಳಗಿನ ವಿಂಡೋಸ್ "ನಾನು ರಿಮೋಟ್ ಡೆಸ್ಕ್‌ಟಾಪ್" ಅಂತ ತಾನೇ ಉತ್ತರ ಕೊಡುತ್ತದೆ. ಪೋರ್ಟ್ ಬದಲಾಯಿಸಿದರೆ ತಟ್ಟುವವರು ಸ್ವಲ್ಪ ಕಡಿಮೆಯಾಗುತ್ತಾರೆ, ಅಷ್ಟೇ. ಅದನ್ನು ಬೀಗ ಅಂತ ನಂಬಬೇಡಿ.

ಇದರಲ್ಲೇ ಇನ್ನೊಂದು ಮಾತಿಗೂ ಉತ್ತರವಿದೆ. "ನಮ್ಮದು ಚಿಕ್ಕ ಆಫೀಸು, ನಮ್ಮನ್ನು ಯಾರು ಹುಡುಕಿಕೊಂಡು ಬರ್ತಾರೆ?" ಅಂತ ತುಂಬಾ ಜನ ಕೇಳುತ್ತಾರೆ. ಯಾರೂ ನಿಮ್ಮನ್ನು ಹುಡುಕುತ್ತಿಲ್ಲ, ನಿಜ. ಯಂತ್ರಗಳು ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುತ್ತವೆ. ತೆರೆದಿದ್ದ ಬಾಗಿಲು ಅವುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾ? ಆಫೀಸಿನ ಕಂಪ್ಯೂಟರ್‌ನಲ್ಲಿ ಈವೆಂಟ್ ವ್ಯೂವರ್ ತೆಗೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸೆಕ್ಯೂರಿಟಿ. 4625 ಎಂಬ ನಂಬರ್ ಹಾಕಿ ಫಿಲ್ಟರ್ ಮಾಡಿ. ಲಾಗಿನ್ ಆಗಲು ಯತ್ನಿಸಿ ಸೋತ ಒಂದೊಂದು ಪ್ರಯತ್ನಕ್ಕೂ ಅಲ್ಲಿ ಒಂದು ಸಾಲು. ಪೋರ್ಟ್ ತೆರೆದಿಟ್ಟ ಒಂದು ಆಫೀಸಿನಲ್ಲಿ ನಾನು ಇದನ್ನು ತೆಗೆದಾಗ ಮಾಲೀಕರು ಪಕ್ಕದಲ್ಲೇ ಕುಳಿತಿದ್ದರು. ಮೌಸ್ ಉರುಳಿಸಿದಷ್ಟೂ ಸಾಲುಗಳು. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಯೂಸರ್1, ಅಕೌಂಟ್ಸ್. ಕೆಲವು ಸೆಕೆಂಡಿಗೆ ಒಂದರಂತೆ, ರಾತ್ರಿ ಎರಡಕ್ಕೂ, ಮೂರಕ್ಕೂ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಇವರೆಲ್ಲ ಯಾರು ಸಾರ್?" ಅಂದರು. ನಿಮ್ಮಲ್ಲಿ ಆ ಸಾಲುಗಳು ಕಾಣದಿದ್ದರೆ ಯಾರೂ ತಟ್ಟಿಲ್ಲ ಅಂತ ಅರ್ಥವಲ್ಲ. ಆ ದಾಖಲೆ ಇಡುವ ಸೆಟ್ಟಿಂಗ್ ಆಫ್ ಆಗಿರಬಹುದು.

ಪಾಸ್‌ವರ್ಡ್ ಇದೆ ಅನ್ನುತ್ತಾನೆ. ಒಳ್ಳೆಯದೇ. ಆದರೆ ನೀವು ಅದೇ ಪಾಸ್‌ವರ್ಡನ್ನು ಬೇರೆ ಯಾವುದಾದರೂ ವೆಬ್‌ಸೈಟಿಗೂ ಇಟ್ಟಿದ್ದು, ಆ ಸೈಟಿನಿಂದ ಅದು ಸೋರಿದ್ದರೆ? ಇನ್ನು ಕೆಲವೊಮ್ಮೆ ಪಾಸ್‌ವರ್ಡೇ ಬೇಕಾಗುವುದಿಲ್ಲ. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಬ್ಲೂಕೀಪ್ ಎಂಬ ದೋಷ ಹೊರಬಂತು. ಹಳೆಯ ವಿಂಡೋಸ್‌ಗಳಲ್ಲಿ ಅದನ್ನು ಬಳಸಿ, ಲಾಗಿನ್ ಆಗದೆಯೇ ಒಳಗೆ ನುಗ್ಗಬಹುದಿತ್ತು. ಅದು ಎಷ್ಟು ಗಂಭೀರವಾಗಿತ್ತು ಅಂದರೆ, 2014ರಲ್ಲೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತು. ಅಂದ ಹಾಗೆ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಯಾವುದು ಅಂತ ಒಮ್ಮೆ ನೋಡಿಸಿ.

ಆಂಟಿವೈರಸ್? ಸರಿಯಾದ ಪಾಸ್‌ವರ್ಡ್ ಹಾಕಿ ಒಳಗೆ ಬಂದವನು ಕಂಪ್ಯೂಟರ್ ಪಾಲಿಗೆ ನೀವೇ. ಅವನು ಮೊದಲು ಮಾಡುವ ಕೆಲಸವೇ ಆಂಟಿವೈರಸ್ ಆಫ್ ಮಾಡುವುದು.

ಆಮೇಲೆ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಹೋಲ್‌ಸೇಲ್ ವ್ಯಾಪಾರದ ಒಂದು ಅಂಗಡಿ. ಸೋಮವಾರ ಬೆಳಿಗ್ಗೆ ಫೋನ್ ಬಂತು, ಟ್ಯಾಲಿ ತೆರೆಯುತ್ತಿಲ್ಲ ಅಂತ. ಹೋಗಿ ನೋಡಿದರೆ ಎಲ್ಲಾ ಫೈಲುಗಳ ಹೆಸರಿನ ಕೊನೆಯಲ್ಲಿ ಗುರುತಿಲ್ಲದ ಅಕ್ಷರಗಳು. ಡೆಸ್ಕ್‌ಟಾಪ್ ಮೇಲೆ ಒಂದು ನೋಟ್‌ಪ್ಯಾಡ್ ಫೈಲು, ಅದರಲ್ಲಿ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳಿದ್ದರು. ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್‌ಡಿಸ್ಕ್ ವರ್ಷವಿಡೀ ಅದೇ ಕಂಪ್ಯೂಟರ್‌ಗೆ ಚುಚ್ಚಿಯೇ ಇತ್ತು. ಅದರೊಳಗಿನ ಫೈಲುಗಳೂ ಹಾಗೇ ಆಗಿದ್ದವು. ಶನಿವಾರ ರಾತ್ರಿ ಬಂದವರಿಗೆ ಭಾನುವಾರ ಪೂರ್ತಿ ಸಮಯ ಸಿಕ್ಕಿತ್ತು. ಆ ಅಂಗಡಿಯ ಲೆಕ್ಕ ಬರೆಯುವ ಹಿರಿಯರು ಹಳೆಯ ಬಿಲ್ ಬುಕ್ಕುಗಳನ್ನು ಗೋಣಿಚೀಲದಿಂದ ತೆಗೆದು, ಒಂದೊಂದಾಗಿ ಮತ್ತೆ ಎಂಟ್ರಿ ಮಾಡಲು ಕುಳಿತಿದ್ದು ಇನ್ನೂ ಕಣ್ಣ ಮುಂದಿದೆ. ನಿಮಗೆ ಹೀಗಾಗಬಾರದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಗೆಳತಿಯ ಮಾತಿಗೆ ಬರೋಣ. ಎನಿಡೆಸ್ಕ್‌ನಿಂದ ಖಾತೆ ಖಾಲಿಯಾದ ಪ್ರಕರಣಗಳು ಸುಳ್ಳಲ್ಲ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕೇ ಇದರ ಹೆಸರು ಹೇಳಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಅಲ್ಲಿ ನಡೆಯುವುದು ಬೇರೆ. ಯಾರೋ ಬ್ಯಾಂಕಿನವರು ಅಂತ ಫೋನ್ ಮಾಡುತ್ತಾರೆ. ಆ್ಯಪ್ ಹಾಕಿಸುತ್ತಾರೆ. ಸ್ಕ್ರೀನ್ ಮೇಲೆ ಬರುವ ನಂಬರ್ ಕೇಳುತ್ತಾರೆ, ಒಪ್ಪಿಗೆ ಒತ್ತಿಸುತ್ತಾರೆ. ಆಮೇಲೆ ನಿಮ್ಮ ಒಟಿಪಿ ಅವರಿಗೂ ಕಾಣುತ್ತದೆ. ಅಲ್ಲಿ ಬಾಗಿಲು ತೆಗೆಯುವುದು ನಮ್ಮ ಕೈಯೇ. ನೀವು ನಿಮ್ಮದೇ ಕಂಪ್ಯೂಟರ್‌ಗೆ, ನಿಮ್ಮದೇ ಪಾಸ್‌ವರ್ಡ್ ಇಟ್ಟು ಬಳಸಿದರೆ ಆ ಮೋಸಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಒಂದು ನಿಯಮ ಪಾಲಿಸಿ: ಯಾರೋ ಫೋನಿನಲ್ಲಿ ಹೇಳಿದರು ಅಂತ ಇಂಥ ಆ್ಯಪ್ ಯಾವತ್ತೂ ಹಾಕಬೇಡಿ, ಆ ನಂಬರನ್ನು ಯಾರಿಗೂ ಓದಿ ಹೇಳಬೇಡಿ. ಹಾಗೇನಾದರೂ ಆಗಿಹೋದರೆ ತಕ್ಷಣ ಇಂಟರ್ನೆಟ್ ಆಫ್ ಮಾಡಿ, ಬ್ಯಾಂಕಿಗೂ 1930 ಸಹಾಯವಾಣಿಗೂ ಫೋನ್ ಮಾಡಿ.

ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆ ನಮಗಷ್ಟೇ ಮಾಡಿಕೊಳ್ಳುವ ಖಾಸಗಿ ದಾರಿ, ಕಾನೂನಿಗೆ ವಿರುದ್ಧ ಅನ್ನುವುದು ತಪ್ಪು ತಿಳಿವಳಿಕೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ಜನರಿಗೆ ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ. ಆ ಗಲಾಟೆಯಲ್ಲೇ ಈ ಸುದ್ದಿ ಹುಟ್ಟಿತು. ಸಂಸ್ಥೆಗಳು ತಮ್ಮ ಒಳಬಳಕೆಗೆ ಇಟ್ಟುಕೊಳ್ಳುವ ವಿಪಿಎನ್‌ಗೆ ಆ ನಿಯಮ ಅನ್ವಯಿಸುವುದಿಲ್ಲ ಅಂತ ಸರ್ಟ್-ಇನ್ ಸ್ಪಷ್ಟಪಡಿಸಿತ್ತು. ನಿಮ್ಮ ಲ್ಯಾಪ್‌ಟಾಪ್‌ನಿಂದ ನಿಮ್ಮ ಆಫೀಸಿಗೆ ಒಂದು ಖಾಸಗಿ ದಾರಿ ಮಾಡಿಕೊಂಡರೆ ಯಾರ ಅಭ್ಯಂತರವೂ ಇಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಿದ್ದೆ. ಈಗ ನಿಮಗೆ ರೂಢಿಯಾಗಿರುವ ಅದೇ ಸ್ಕ್ರೀನ್, ಅದೇ ರೀತಿ. ದಾರಿ ಮಾತ್ರ ಬೇರೆ. ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ಆಫೀಸಿನ ಕಂಪ್ಯೂಟರ್‌ನಲ್ಲೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆದರೆ ಅವೆರಡಕ್ಕೆ ಮಾತ್ರ ಕಾಣುವ ವಿಳಾಸ ಸಿಗುತ್ತದೆ. ಎರಡೂ ಕಂಪ್ಯೂಟರ್‌ಗಳು ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ರೂಟರ್‌ನಲ್ಲಿ ಏನೂ ತೆಗೆದಿಡಬೇಕಿಲ್ಲ. ಸ್ಟ್ಯಾಟಿಕ್ ಐಪಿಯೂ ಬೇಡ, ಆ ದುಡ್ಡು ಉಳಿಯಿತು. ವೈಯಕ್ತಿಕ ಬಳಕೆಗೆ ಇದು ಉಚಿತ, ವ್ಯವಹಾರಕ್ಕೆ ದುಡ್ಡಿನ ಪ್ಲಾನ್ ಇದೆ, ಅದನ್ನೇ ತೆಗೆದುಕೊಳ್ಳಿ. ಹುಡುಗನಿಗೆ ಗೊತ್ತಿದ್ದರೆ ರೂಟರ್‌ನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಡಬಹುದು. ಸರಿಯಾದ ಕೀ ಇಲ್ಲದೆ ಬಂದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ತಟ್ಟುವ ಯಂತ್ರಕ್ಕೆ ಅಲ್ಲಿ ಬಾಗಿಲಿದೆ ಅಂತಲೇ ತಿಳಿಯುವುದಿಲ್ಲ. ಆದರೆ ಅದಕ್ಕೆ ಸ್ಟ್ಯಾಟಿಕ್ ಐಪಿ ಉಳಿಸಿಕೊಳ್ಳಬೇಕು.

ಈ ದಾರಿಯ ಅಪಾಯ ಇರುವುದು ಆ ಖಾತೆಯಲ್ಲಿ. ನಿಮ್ಮ ಜಿಮೇಲ್‌ನಿಂದ ಟೇಲ್‌ಸ್ಕೇಲ್‌ಗೆ ಲಾಗಿನ್ ಆದರೆ, ಆ ಜಿಮೇಲ್ ಹೋದರೆ ಎಲ್ಲಾ ಹೋದ ಹಾಗೆ. ಹಾಗಾಗಿ ಅದಕ್ಕೆ ಎರಡು ಹಂತದ ಪರಿಶೀಲನೆ ಇಡಲೇಬೇಕು. ಇನ್ನೊಂದು ತೊಡಕೂ ಇದೆ. ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಒಪ್ಪಿಕೊಳ್ಳುವುದು ವಿಂಡೋಸ್ ಪ್ರೊನಂಥ ಆವೃತ್ತಿಗಳು ಮಾತ್ರ, ಹೋಮ್ ಅಲ್ಲ. ಈಗ ನಿಮಗೆ ಕೆಲಸ ಮಾಡುತ್ತಿದೆ ಅಂದರೆ ಒಂದೋ ಪ್ರೊ ಇದೆ, ಇಲ್ಲವೇ ಹುಡುಗ ಯಾವುದೋ ಪ್ಯಾಚ್ ಹಾಕಿದ್ದಾನೆ. ಇದನ್ನು ಕೇಳಿ ತಿಳಿದುಕೊಳ್ಳಿ. ನೀವು ದೂರದಿಂದ ಒಳಗೆ ಬಂದಾಗ ಆಫೀಸಿನ ಸ್ಕ್ರೀನ್ ಲಾಕ್ ಆಗುತ್ತದೆ, ಒಂದು ಹೊತ್ತಿಗೆ ಒಬ್ಬರೇ ಬಳಸಬಹುದು. ಸಹಾಯಕಿಯೂ ಅದರಲ್ಲೇ ಕೆಲಸ ಮಾಡಬೇಕು ಅಂತ ಇಬ್ಬರಿಗೂ ತೆರೆಯುವ ಪ್ಯಾಚ್ ಹಾಕಿಕೊಡುವವರಿದ್ದಾರೆ. ಬೇಡ. ಲೈಸೆನ್ಸ್ ನಿಯಮಕ್ಕೂ ವಿರುದ್ಧ, ವಿಂಡೋಸ್ ಅಪ್‌ಡೇಟ್ ಆದಾಗ ಕೈಕೊಡುವುದೂ ಉಂಟು. ಅದೂ 19ನೇ ತಾರೀಕು ರಾತ್ರಿ ಆಗಬಹುದು. ಸಹಾಯಕಿಗೆ ಬೇರೆ ಕಂಪ್ಯೂಟರ್ ಕೊಡುವುದೇ ನೆಮ್ಮದಿ.

ವಿಂಡೋಸ್ ಹೋಮ್ ಇದ್ದರೆ, ಅಥವಾ ಇಷ್ಟೆಲ್ಲ ಮಾಡಿಕೊಡುವವರು ಇಲ್ಲದಿದ್ದರೆ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಉಚಿತ. ಗೂಗಲ್ ಖಾತೆ, ಜೊತೆಗೆ ಕನಿಷ್ಠ ಆರು ಅಂಕಿಯ ಪಿನ್. ಮಗಳ ಹುಟ್ಟಿದ ದಿನವನ್ನು ಪಿನ್ ಮಾಡಬೇಡಿ. ಇದರಲ್ಲಿ ಒಂದು ಕೊರತೆ ಇದೆ: ನೀವು ಬೆಂಗಳೂರಿನಲ್ಲಿ ಮಾಡುವುದೆಲ್ಲ ಆಫೀಸಿನ ಮಾನಿಟರ್ ಮೇಲೆ ಹಾಗೇ ಕಾಣುತ್ತದೆ. ಅಲ್ಲಿ ಕುಳಿತವರು ನೋಡಬಹುದು, ಮೌಸ್ ಆಡಿಸಬಹುದು. ಮಾನಿಟರ್ ಆಫ್ ಮಾಡಿಡಲು ಹೇಳಿ.

ಎನಿಡೆಸ್ಕ್, ಟೀಮ್‌ವ್ಯೂವರ್ ಕೂಡ ಇದೇ ಬಗೆಯವು, ಆದರೆ ವ್ಯವಹಾರಕ್ಕೆ ದುಡ್ಡು ಕೊಡಬೇಕು. ಉಚಿತದಲ್ಲೇ ತಳ್ಳೋಣ ಅಂದರೆ ಮಧ್ಯದಲ್ಲಿ ಕಡಿತವಾಗಿ ತೊಂದರೆ ಕೊಡುತ್ತವೆ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ತನ್ನದೇ ವ್ಯವಸ್ಥೆಯೊಳಗೆ ಹೊರಗಿನವರು ನುಗ್ಗಿದ್ದನ್ನು ಒಪ್ಪಿಕೊಂಡಿತು. ನಮ್ಮ ಬೀಗ ಎಷ್ಟೇ ಗಟ್ಟಿ ಇದ್ದರೂ, ಮಧ್ಯದಲ್ಲಿ ಒಂದು ಕಂಪನಿ ಇದ್ದಾಗ ಈ ಅಪಾಯ ಇದ್ದೇ ಇರುತ್ತದೆ. ಟ್ಯಾಲಿಯನ್ನೇ ಬಾಡಿಗೆ ಸರ್ವರ್‌ಗೆ ಸಾಗಿಸುವ ದಾರಿಯೂ ಇದೆ. ಮೂರು ತಿಂಗಳಿಗಾಗಿ ಅಷ್ಟು ದೂರ ಹೋಗುವುದು ಬೇಡ ಅನ್ನಿಸುತ್ತದೆ.

ಡಿಎಸ್‌ಸಿ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ಬಹಳ ಜನ ಎಡವುತ್ತಾರೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬಂದಾಗ ವಿಂಡೋಸ್ ಟೋಕನನ್ನು ನೀವು ಕುಳಿತಿರುವ ಕಡೆ ಹುಡುಕುತ್ತದೆ. ಆಫೀಸಿನ ಕಂಪ್ಯೂಟರ್‌ಗೆ ಚುಚ್ಚಿದ ಟೋಕನ್ ಅದಕ್ಕೆ ಕಾಣುವುದೇ ಇಲ್ಲ. ಕೊನೆ ದಿನ ಸರ್ಟಿಫಿಕೇಟ್ ಸಿಗುತ್ತಿಲ್ಲ ಅಂತ ಗಾಬರಿಯಾಗಿ ಫೋನ್ ಮಾಡುವವರು ಇದಕ್ಕೇ ಸಿಕ್ಕಿಹಾಕಿಕೊಂಡಿರುತ್ತಾರೆ. ಟೋಕನ್ ನಿಮ್ಮ ಜೊತೆ ಬೆಂಗಳೂರಿಗೆ ತನ್ನಿ. ಅದರ ಡ್ರೈವರ್ ಎರಡೂ ಕಡೆ ಹಾಕಿಸಿ. ಕನೆಕ್ಟ್ ಆಗುವ ಮೊದಲು ಲೋಕಲ್ ರಿಸೋರ್ಸಸ್‌ನಲ್ಲಿ ಸ್ಮಾರ್ಟ್ ಕಾರ್ಡ್ ಟಿಕ್ ಆಗಿದೆಯಾ ನೋಡಿ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಇದು ಉಲ್ಟಾ, ಆಫೀಸಿಗೆ ಚುಚ್ಚಿದ್ದೇ ಕೆಲಸ ಮಾಡುತ್ತದೆ. ಆದರೆ ಕ್ಲೈಂಟ್‌ಗಳ ಟೋಕನ್ ಮೂರು ತಿಂಗಳು ಚುಚ್ಚಿಯೇ ಇರುವುದು ಸರಿಯಲ್ಲ. ಸಹಾಯಕಿ ಬೇಕಾದಾಗ ಹಾಕಿ, ಕೆಲಸ ಮುಗಿದ ಮೇಲೆ ತೆಗೆದು ಬೀರುವಿನಲ್ಲಿಡಲಿ. ಕಂಪನಿ, ಎಲ್‌ಎಲ್‌ಪಿ ಬಿಟ್ಟು ಉಳಿದ ಕ್ಲೈಂಟ್‌ಗಳ ಜಿಎಸ್‌ಟಿ ರಿಟರ್ನ್ ಟೋಕನ್ ಇಲ್ಲದೆ ಇವಿಸಿ ಒಟಿಪಿಯಲ್ಲೇ ಆಗುತ್ತದೆ. ಅದು ನಿಮಗೇ ಚೆನ್ನಾಗಿ ಗೊತ್ತು.

ನೀವು ಕೇಳದ ಒಂದು ವಿಷಯ ನಾನೇ ಕೇಳುತ್ತೇನೆ. ಡೆಸ್ಕ್‌ಟಾಪ್ ಮೇಲೆ ಎಲ್ಲಾ ಕ್ಲೈಂಟ್‌ಗಳ ಯೂಸರ್ ಐಡಿ, ಪಾಸ್‌ವರ್ಡ್ ಇರುವ ಒಂದು ಎಕ್ಸೆಲ್ ಫೈಲ್ ಇದೆ, ಅಲ್ವಾ? ನಾನು ನೋಡಿದ ಟ್ಯಾಕ್ಸ್ ಆಫೀಸುಗಳಲ್ಲಿ ಹೆಚ್ಚಿನ ಕಡೆ ಇರುತ್ತದೆ. ನಿಮ್ಮ ಆಫೀಸಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಅದೇ. ಹೊರಡುವ ಮೊದಲು ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ಗೆ ಸಾಗಿಸಿ. ಕಡೇಪಕ್ಷ ಆ ಫೈಲಿಗೆ ತೆರೆಯುವ ಪಾಸ್‌ವರ್ಡ್ ಆದರೂ ಹಾಕಿ. ದೂರದಿಂದ ಬಳಸಲು ಅಡ್ಮಿನಿಸ್ಟ್ರೇಟರ್ ಬೇಡ, ಬೇರೆ ಸಾಧಾರಣ ಖಾತೆ ಮಾಡಿಸಿಕೊಳ್ಳಿ.

ಬ್ಯಾಕಪ್‌ಗೆ ಎರಡು ಹಾರ್ಡ್‌ಡಿಸ್ಕ್ ಇರಲಿ. ಸಹಾಯಕಿ ಶನಿವಾರ ಒಂದನ್ನು ಚುಚ್ಚಿ, ಕಾಪಿ ಮಾಡಿ, ತೆಗೆದು ಮನೆಗೆ ಒಯ್ಯಲಿ. ಮುಂದಿನ ಶನಿವಾರ ಇನ್ನೊಂದು. ಡಿಸ್ಕ್ ಕಳೆದರೆ ಯಾರೂ ಓದದ ಹಾಗೆ ಬಿಟ್‌ಲಾಕರ್ ಹಾಕಿಸಿ.

ಕೊನೆಗೆ ಕರೆಂಟ್. ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆಯುತ್ತದೆ, ಆಮೇಲೆ ಕಂಪ್ಯೂಟರ್ ಆಫ್. ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲಿರುತ್ತದೆ, ಅದನ್ನು ಆನ್ ಮಾಡಿಸಿ. ಸ್ಲೀಪ್ ಆಗದ ಹಾಗೆ ಇಡಿಸಿ. ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ಕೊಡಿ. ಟೇಲ್‌ಸ್ಕೇಲ್ ಹಾಕಿಸಿದರೆ ಅದರಲ್ಲಿ ಯಾರೂ ಲಾಗಿನ್ ಆಗದಿದ್ದರೂ ಓಡುವ ಆಯ್ಕೆ ಇದೆ, ರನ್ ಅನ್‌ಅಟೆಂಡೆಡ್ ಅಂತ. ಅದನ್ನು ಮರೆತರೆ ಕಂಪ್ಯೂಟರ್ ಆನ್ ಇದ್ದರೂ ನಿಮಗೆ ಸಿಗುವುದಿಲ್ಲ.

ಹೊರಡುವ ಒಂದು ವಾರ ಮೊದಲು ಇದನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿ. ನೀವು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಿ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕನೆಕ್ಟ್ ಆಗಿ. ಟೋಕನ್ ಹಾಕಿ ಒಂದು ಸಹಿ ಮಾಡಿ ನೋಡಿ. ಆಮೇಲೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಆಫೀಸಿನ ಮೇನ್ ಸ್ವಿಚ್ಚನ್ನೂ ಯುಪಿಎಸ್ಸನ್ನೂ ಆಫ್ ಮಾಡಲು ಸಹಾಯಕಿಗೆ ಹೇಳಿ. ಅರ್ಧ ಗಂಟೆ ಬಿಟ್ಟು ಅವೆರಡನ್ನು ಮಾತ್ರ ಆನ್ ಮಾಡಲಿ, ಕಂಪ್ಯೂಟರ್ ಮುಟ್ಟದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ಸ್ಕ್ರೀನ್ ಮತ್ತೆ ತಾನಾಗಿ ಸಿಕ್ಕಿತು ಅಂದರೆ ಬೆಂಗಳೂರಿಗೆ ಹೊರಡಿ.